ಅದು ಹಣೆಬರಹವಲ್ಲ ಭಾವ, ಮುಚ್ಚಿದ ಕೋಣೆಯ ಗಾಳಿ

ಭಾವ, ನಮಸ್ಕಾರ. ಟೈಪ್ ಮಾಡಿ ಮುಗಿಸುವ ವಿಷಯವಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ, ಅತ್ತೆಯವರಿಗೂ ಕೇಳಿಸಿಬಿಡಿ. ಮುಂದಿನ ತಿಂಗಳ ತಂಬಿಲದ ಪೂಜೆಗೆ ಜ್ವರ, ಕೆಮ್ಮು ಇರುವವರು ಬರುವುದು ಬೇಡವೆಂದು ನಾನು ಗ್ರೂಪಿನಲ್ಲಿ ಹಾಕಿದ್ದಕ್ಕೆ ನೀವು ನಿನ್ನೆ ರಾತ್ರಿ ಉತ್ತರ ಕೊಟ್ಟಿದ್ದೀರಿ. ಕೊರೋನಾ ಕಾಲದಲ್ಲಿ ತರಕಾರಿಯನ್ನೂ ಹಾಲಿನ ಪ್ಯಾಕೆಟನ್ನೂ ತೊಳೆದು, ಬಾಗಿಲು ಹಾಕಿ ಕುಳಿತರೂ ಮನೆಮಂದಿಗೆಲ್ಲ ರೋಗ ಬಂತು, ದಿನವೂ ಬಂದರಿನ ದಕ್ಕೆಗೆ ಹೋಗಿ ಮೀನು ಇಳಿಸುತ್ತಿದ್ದ ಪಕ್ಕದ ಮನೆಯ ಹುಡುಗನಿಗೆ ಏನೂ ಆಗಲಿಲ್ಲ, ಎಲ್ಲ ಹಣೆಬರಹ ಎಂದಿದ್ದೀರಿ. ನೀವು ಕಂಡದ್ದು ಸುಳ್ಳಲ್ಲ. ಆದರೆ ಆಗ ಕೋವಿಡ್ ವಾರ್ಡಿನಲ್ಲಿ ನರ್ಸ್ ಆಗಿದ್ದ ನಾನು ನಿಮ್ಮ ತೀರ್ಮಾನವನ್ನು ಒಪ್ಪಲಾರೆ.

ಆ ವೈರಸ್ ಹೆಚ್ಚಾಗಿ ಹರಡಿದ್ದು ತರಕಾರಿಯಿಂದಲ್ಲ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಂಡದ್ದರಿಂದ. ಮಾತನಾಡುವಾಗ, ಕೆಮ್ಮುವಾಗ ಬಾಯಿಂದ ಹೊರಡುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲ ಸೇರುತ್ತವೆ. ಕಣ್ಣಿಗೆ ಕಾಣದ ಸಣ್ಣ ಕಣಗಳು ಮಾತ್ರ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಲೇ ಇರುತ್ತವೆ. ಬಾಗಿಲು ಹಾಕಿ ಬಂಗುಡೆ ಹುರಿದರೆ ಹೊಗೆ ಮನೆಯೆಲ್ಲ ತುಂಬುತ್ತದೆ, ಅಂಗಳದಲ್ಲಿ ಹುರಿದರೆ ಗಾಳಿಗೆ ಚದುರಿಹೋಗುತ್ತದೆಯಲ್ಲ, ಇದೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ ಇದು ಗಾಳಿಯಿಂದ ಹರಡುವ ರೋಗವಲ್ಲ ಎಂದಿತ್ತು. ಗಾಳಿಯ ಪಾತ್ರವನ್ನು ಅದು ಸ್ಪಷ್ಟವಾಗಿ ಒಪ್ಪಿಕೊಂಡದ್ದು 2021ರಲ್ಲಿ. ಅಷ್ಟು ಕಾಲ ನಮ್ಮ ಜನ ಸಾಬೂನಿನ ಮೇಲೆ ಇಟ್ಟ ಗಮನವನ್ನು ಕಿಟಕಿಯ ಮೇಲೆ ಇಡಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಗಾಯನ ತಂಡವೊಂದರ 61 ಮಂದಿ ಒಂದೇ ಕಟ್ಟಡದಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ನೆಗಡಿಯಂತಹ ಲಕ್ಷಣವಿತ್ತು. ಖಚಿತವಾದವು, ಸಂಭವನೀಯವಾದವು ಎಲ್ಲ ಸೇರಿ, ಆ ಒಬ್ಬರನ್ನೂ ಲೆಕ್ಕ ಹಿಡಿದು, 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಏರುದನಿಯಲ್ಲಿ ಹಾಡುವಾಗ ಬಾಯಿಂದ ಹೊರಬೀಳುವ ಕಣಗಳು ಮೆಲುಮಾತಿನಲ್ಲಿ ಹೊರಬೀಳುವುದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಭಜನಾ ಮಂದಿರಗಳಲ್ಲಿ ಕೂಡ ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡೇ ಭಜನೆ ನಡೆಯುತ್ತದೆಯಲ್ಲವೇ?

ಈಗ ನಿಮ್ಮ ಮನೆಯ ವಿಷಯ. ಅದು 2020ರ ಆಗಸ್ಟ್; ಇರಚಲು ಒಳಗೆ ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಿರಿ. ಬ್ಯಾಂಕಿನ ಕೆಲಸ ಮುಗಿಸಿ ಬಂದ ಮಗ ಎಲ್ಲರೊಂದಿಗೆ ಕುಳಿತು ಉಂಡ, ಟೀವಿ ನೋಡಿದ, ಅಜ್ಜನ ಕೋಣೆಯಲ್ಲೇ ಮಲಗಿದ. ಅವನಿಗೆ ಜ್ವರ ಕಾಣಿಸಿದ್ದು ಎರಡು ದಿನ ಕಳೆದ ಮೇಲೆ. ಈ ರೋಗದ ದೊಡ್ಡ ಕಷ್ಟವೇ ಇದು: ಲಕ್ಷಣ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟತೊಡಗುತ್ತದೆ. ದಕ್ಕೆಯಲ್ಲಿಯಾದರೆ ದಿನವಿಡೀ ಕಡಲಗಾಳಿ. ಅಲ್ಲದೆ ಆ ಹುಡುಗನಿಗೆ ರೋಗ ಬರಲೇ ಇಲ್ಲವೆಂದು ನಾನಂತೂ ಹೇಳಲಾರೆ, ಏಕೆಂದರೆ ಅವನು ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ. 2021ರ ಜೂನ್-ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದಾಗ 67.6 ಶೇಕಡಾ ಮಂದಿಯಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಎದುರಿಸಲು ದೇಹವೇ ತಯಾರಿಸಿಕೊಳ್ಳುವ ಅಂಶಗಳು, ಕಂಡುಬಂದವು. ಅವರಲ್ಲಿ ಲಸಿಕೆ ಪಡೆದವರೂ ಇದ್ದರು, ನಿಜ; ಆದರೆ ಗೊತ್ತೇ ಆಗದೆ ರೋಗ ದಾಟಿದವರೂ ಬಹಳ ಮಂದಿ ಇದ್ದರು.

ಒಂದೇ ಮನೆಯಲ್ಲಿ ಮಕ್ಕಳು ಎರಡು ದಿನದಲ್ಲಿ ಎದ್ದು ಓಡಾಡಿದರು, ಮಾವನವರು ಮಾತ್ರ ಆಸ್ಪತ್ರೆ ಸೇರಬೇಕಾಯಿತು, ಅದು ಏಕೆಂದು ಅಕ್ಕ ಆಗಲೇ ಕೇಳಿದ್ದರು. ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ., ಇವು ಇದ್ದವರಲ್ಲಿ ವೈರಸ್ ಮೂಗು-ಗಂಟಲನ್ನು ದಾಟಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಎರಡನೆಯ ವಾರದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿತಿಮೀರಿ ಕೆರಳಿ ಶ್ವಾಸಕೋಶವನ್ನು ಕೆಡಿಸುವುದೂ ಉಂಟು. ಮಾವನವರು ಈಸಿಚೇರಿನಲ್ಲಿ ಕುಳಿತು ಅಡಿಕೆಯ ಧಾರಣೆಯ ಬಗ್ಗೆ ನನ್ನೊಂದಿಗೆ ಫೋನಿನಲ್ಲಿ ಚೆನ್ನಾಗಿಯೇ ಮಾತನಾಡುತ್ತಿದ್ದರು, ಏದುಸಿರು ಇರಲಿಲ್ಲ. ರಕ್ತದ ಆಕ್ಸಿಜನ್ ಮಟ್ಟ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಾಗ 86 ತೋರಿಸಿತು. ಸಾಮಾನ್ಯವಾಗಿ 95ರ ಮೇಲೆ ಇರಬೇಕಾದದ್ದು ಅದು. ಆಕ್ಸಿಜನ್ ಅಷ್ಟು ಇಳಿದರೂ ಉಸಿರುಗಟ್ಟಿದಂತೆ ಅನ್ನಿಸದಿರುವುದನ್ನು ನಾನು ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ, ಅಂಥವರನ್ನು ತಡವಾಗಿ ಕರೆತಂದಾಗ ನಮ್ಮ ಕೈಯಲ್ಲಿ ಉಳಿಯುತ್ತಿದ್ದದ್ದು ಬಹಳ ಕಡಿಮೆ. ಸ್ಟೀರಾಯ್ಡ್ ಮಾತ್ರೆಯ ವಿಷಯದಲ್ಲಿಯೂ ಒಂದು ಮಾತು: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆಕ್ಸಿಜನ್ ಬೇಕಾದವರ ಪ್ರಾಣ ಉಳಿಸಿತು, ಆದರೆ ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ನುಂಗಿದರೆ ಸಕ್ಕರೆ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ (ಬ್ಲ್ಯಾಕ್ ಫಂಗಸ್ ಸೋಂಕಿಗೆ) ಅನೇಕರು ಕಣ್ಣು ಕಳೆದುಕೊಂಡದ್ದರ ಹಿಂದೆ ಸ್ಟೀರಾಯ್ಡ್, ಏರಿದ ಸಕ್ಕರೆ ಈ ಎರಡೂ ಇದ್ದವು.

ಮಾವನವರು ಗುಣವಾಗಿ ಬಂದ ಮೇಲೆಯೂ ತೋಟದ ಮೆಟ್ಟಿಲು ಹತ್ತಲು ತಿಂಗಳುಗಟ್ಟಲೆ ಕಷ್ಟಪಟ್ಟರು, ಅಕ್ಕನಿಗೆ ಮಲ್ಲಿಗೆಯ ಪರಿಮಳ ಇಂದಿಗೂ ಸರಿಯಾಗಿ ತಿಳಿಯುವುದಿಲ್ಲ. ಅವನ್ನೂ ಆ ರೋಗದ ಲೆಕ್ಕಕ್ಕೇ ಸೇರಿಸಬೇಕು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ಸಾರಿದರೂ ವೈರಸ್ ಹೋಗಿಲ್ಲ. ಲಸಿಕೆಯಿಂದ ಪ್ರಾಣಾಪಾಯ ಬಹಳ ಇಳಿದಿದೆ, ಅತ್ತೆಯವರ ವಯಸ್ಸು ಮಾತ್ರ ಎಂಬತ್ತು ದಾಟಿದೆ. ಆದ್ದರಿಂದ ನನ್ನ ಕೋರಿಕೆ ಇಷ್ಟೇ ಭಾವ: ಊಟಕ್ಕೆ ಏಸಿ ಹಾಲ್ ಬುಕ್ ಮಾಡುವುದು ಬೇಡ, ಅಂಗಳದಲ್ಲಿ ಚಪ್ಪರ ಹಾಕಿಸೋಣ. ಕೆಮ್ಮು ಇರುವ ಮಕ್ಕಳಿಗೆ ಪ್ರಸಾದವನ್ನು ಮನೆಗೇ ಮುಟ್ಟಿಸುವ ಜವಾಬ್ದಾರಿ ನನ್ನದು. ಚಪ್ಪರದವರಿಗೆ ನೀವು ಹೇಳುತ್ತೀರೋ, ನಾನೇ ಫೋನ್ ಮಾಡಲೋ, ಇಂದು ಸಂಜೆಯೊಳಗೆ ತಿಳಿಸಿ.