ಅಪ್‌ಡೇಟ್: ನಿಕೋಡೆಮಸ್ ಊರು ಖಾಲಿಯಾದದ್ದು ಯಾಕೆ?

ಅಮೆರಿಕದ ಕಾನ್ಸಾಸ್‌ನಲ್ಲಿರುವ ನಿಕೋಡೆಮಸ್ ಎಂಬ ಹಳ್ಳಿ ಯಾಕೆ ಖಾಲಿಯಾಯಿತು, ಈಗ ಅಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಆಮೇಲೆ ನಾನೂ ಒಂದಷ್ಟು ಓದಿದೆ.

ಜನ ಇದ್ದಾರೆ. 2020ರ ಜನಗಣತಿಯ ಪ್ರಕಾರ 14 ಮಂದಿ!

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು 1877ರಲ್ಲಿ ಕಟ್ಟಿದ ಊರಿದು. ಹೆಚ್ಚಿನವರು ಕೆಂಟಕಿಯವರು. ಕರಪತ್ರದಲ್ಲಿ ಒಳ್ಳೆಯ ಜಮೀನು ಅಂತ ಹೊಗಳಿದ್ದರು. ಬಂದು ನೋಡಿದರೆ ಮರಗಳೇ ಅಪರೂಪವಾದ ಬಯಲು. ಮನೆ ಕಟ್ಟಲು ಮರ ಎಲ್ಲಿಂದ ತರೋದು? ನೆಲ ಅಗೆದು ಗುಂಡಿಯಲ್ಲೇ ಸಂಸಾರ ಹೂಡಿದರು. ಕೆಲವರು ಬಂದ ದಾರಿಯಲ್ಲೇ ವಾಪಸ್ ಹೋದರು. ಮೊದಲ ಚಳಿಗಾಲದಲ್ಲಿ ಊಟಕ್ಕೆ ಕಷ್ಟವಾದಾಗ ಓಸೇಜ್ ಬುಡಕಟ್ಟಿನವರು ಆಹಾರ ಕೊಟ್ಟು ಉಳಿಸಿದರು.

ಆದರೂ ಹತ್ತು ವರ್ಷದಲ್ಲಿ ಅಂಗಡಿ, ಚರ್ಚು, ಶಾಲೆ, ಹೋಟೆಲು, ಪತ್ರಿಕೆ ಎಲ್ಲ ಬಂದವು. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ರಾಜ್ಯದ ಆಡಿಟರ್ ಆಗಿ ಚುನಾಯಿತರಾದರು.

ಬರಗಾಲವೇ ಕಾರಣ ಅಂತ ಕೆಲವರು ಹೇಳಿದಿರಿ. ಅದೂ ಇತ್ತು, 1930ರ ದಶಕದ ಧೂಳಿನ ಬಿರುಗಾಳಿ ಉಳಿದವರಲ್ಲೂ ಹಲವರನ್ನು ಓಡಿಸಿತು. ನನಗನ್ನಿಸೋದು, ದೊಡ್ಡ ಪೆಟ್ಟು ರೈಲಿನದು. 1888ರಲ್ಲಿ ಹಳಿ ಸಾಲೊಮನ್ ನದಿಯ ಆಚೆ ದಡದಲ್ಲಿ ಹೋಯಿತು. ವ್ಯಾಪಾರಿಗಳು ಅಂಗಡಿ ಎತ್ತಿಕೊಂಡು ಅತ್ತ ಹೊರಟರು. ಅಲ್ಲಿ ಬೋಗ್ ಎಂಬ ಊರು ಬೆಳೆಯಿತು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

1996ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಹೋಗುವವರು ಜುಲೈ ಕೊನೆಯಲ್ಲಿ ಹೋಗಿ. ಆಗ ವಿಮೋಚನೆಯ ಹಬ್ಬಕ್ಕೆ ಹಳೆಯ ಕುಟುಂಬಗಳೆಲ್ಲ ಊರಿಗೆ ಬರುತ್ತವೆ.