ಮೀನುಗಾರಿಕೆ ಪದವಿಯಾ, ಬಿಎಸ್ಸಿ ಮಾಡಿ ಮರೈನ್ ಬಯಾಲಜಿಯಾ? ಆಪ್ಷನ್ ಎಂಟ್ರಿ ಮುಂಚೆ ಹೇಳಿ

ಬೇಲೆಕೇರಿ ಹುಡುಗಿ

ನಮಸ್ಕಾರ. ನಾನು ಅಂಕೋಲಾ ಕಡೆಯವಳು. ಈ ವರ್ಷ ಪಿಸಿಎಂಬಿಯಲ್ಲಿ ಸೆಕೆಂಡ್ ಪಿಯು ಮುಗಿಯಿತು, ಸಿಇಟಿ ಬರೆದಿದ್ದೇನೆ, ಬೇಕಾದ ಕೋರ್ಸು ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಇನ್ನೂ ಆಗಬೇಕು. ನೀಟ್ ಕೂಡ ಬರೆದೆ, ಅದರ ಬಗ್ಗೆ ಮಾತ್ರ ಕೇಳಬೇಡಿ. ಅಪ್ಪ ಬೋಟಿಗೆ ಹೋಗುತ್ತಾರೆ, ಸ್ವಂತ ಬೋಟ್ ಅಲ್ಲ, ಪಾಲಿನ ಲೆಕ್ಕ. ಆಯಿ ಮೀನು ಮಾರುತ್ತಾಳೆ. ಈಗ ಜೂನ್ ಜುಲೈ ಮೀನುಗಾರಿಕೆ ಬಂದ್ ಅಲ್ವಾ, ಅಪ್ಪ ಮನೆಯಲ್ಲೇ ಇದ್ದಾರೆ, ಹಾಗಾಗಿ ದಿನಾ ಊಟದ ಹೊತ್ತಿಗೆ ಇದೇ ವಿಷಯ.

ಗೋವಾದಲ್ಲಿರುವ ಮಾವ ಬಿಸಿಎ ಮಾಡು ಅನ್ನುತ್ತಾರೆ. ಪಕ್ಕದ ಮನೆಯವರ ಪ್ರಕಾರ ನರ್ಸಿಂಗ್. ಅಪ್ಪನ ಗೆಳೆಯರೊಬ್ಬರು ಡಿಪ್ಲೊಮಾ ಮಾಡಿಸಿ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ನೋಡೋಣ ಅಂದರು, ನಾನು ಪಿಯು ಮುಗಿಸಿದ್ದೇ ಅವರಿಗೆ ಗೊತ್ತಿಲ್ಲ.

ನನಗೆ ಇಷ್ಟ ಇರುವುದು ಸಮುದ್ರ. ಸುಮ್ನೆ ದಂಡೆ ಮೇಲೆ ಕೂತು ನೋಡುವ ಇಷ್ಟ ಅಲ್ಲ. ಇಳಿತದ ಹೊತ್ತಿಗೆ ಬಂಡೆಗಳ ಸಂದಿಯಲ್ಲಿ ಏನೇನು ಸಿಗುತ್ತದೆ ಅಂತ ಎಂಟನೇ ಕ್ಲಾಸಿನಿಂದ ಒಂದು ಪಟ್ಟಿ ಬರೆದಿಟ್ಟಿದ್ದೇನೆ. ಬಲೆಗೆ ಬಿದ್ದ ಬೇಡದ ಜೀವಿಗಳನ್ನು ಅಪ್ಪ ನನಗಾಗಿ ಡಬ್ಬದಲ್ಲಿ ತರುತ್ತಾರೆ, ಆಯಿ ಬೈಯುತ್ತಾಳೆ.

ಈಗ ಮುಂದಿರುವುದು ಎರಡು ದಾರಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿಎಫ್‌ಎಸ್ಸಿ, ಅಂದರೆ ಮೀನುಗಾರಿಕೆ ಪದವಿ, 4 ವರ್ಷ. ಇಲ್ಲ, ಕಾರವಾರದಲ್ಲೋ ಕುಮಟಾದಲ್ಲೋ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ತಗೊಂಡು ಬಿಎಸ್ಸಿ ಮಾಡಿ, ಆಮೇಲೆ ಕಾರವಾರದ ಕೋಡಿಬಾಗದಲ್ಲಿ ಮರೈನ್ ಬಯಾಲಜಿ, ಅಂದರೆ ಸಮುದ್ರ ಜೀವಿಗಳ ಓದಿಗೆ ಹೋಗುವುದು. ಎರಡೂ ಮೀನಿಗೆ ಸಂಬಂಧಪಟ್ಟದ್ದೇ ಅಲ್ವಾ, ಏನು ದೊಡ್ಡ ವ್ಯತ್ಯಾಸ? ಕೆಲಸ ಯಾವುದರಲ್ಲಿ ಜಾಸ್ತಿ? ರ‍್ಯಾಂಕ್ ತುಂಬಾ ಚೆನ್ನಾಗಿಲ್ಲ, ತೀರಾ ಕೆಟ್ಟದ್ದೂ ಅಲ್ಲ.

ಕೋಡಿಬಾಗ ಹಳಬ

ತಂಗಿ, ಡಬ್ಬದ ಕಥೆ ಓದಿ ಖುಷಿಯಾಯಿತು. ನಾನು ಕಾರವಾರದಲ್ಲಿ ಬಿಎಸ್ಸಿ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಕೋಡಿಬಾಗ ಕೇಂದ್ರದಲ್ಲೇ ಮರೈನ್ ಬಯಾಲಜಿ ಎಂಎಸ್ಸಿ ಮಾಡಿದವನು. ಎರಡೂ ಮೀನಿನ ಓದೇ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು, ಆ ತಪ್ಪಿನ ಬೆಲೆ ಓದು ಮುಗಿದಮೇಲೆ ಗೊತ್ತಾಯಿತು.

ಮರೈನ್ ಬಯಾಲಜಿ ವಿಜ್ಞಾನದ ಓದು. ಪ್ಲವಕ, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು, ಕೆಸರಿನಲ್ಲಿರುವ ಹುಳ, ಚಿಪ್ಪು, ನೀರಿನ ಉಪ್ಪಿನಂಶ ಅಳೆಯುವುದು, ಗಂಟೆಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂರುವುದು. ಮೀನು ಅದರಲ್ಲಿ ಒಂದು ಭಾಗ ಅಷ್ಟೆ. ಕಾಳಿ ನದಿಯ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ, ಹತ್ತಿರದಲ್ಲೇ ಇದೆ, ದಕ್ಷಿಣಕ್ಕೆ ಹೋದರೆ ಅಘನಾಶಿನಿ. ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು, ಬಳಚು ಅನ್ನುವ ಚಿಪ್ಪುಜೀವಿ ತೆಗೆಯುವವರ ಜೊತೆ ಕೆಸರಲ್ಲಿ ಮೊಣಕಾಲುದ್ದ ಇಳಿದು ಮಾದರಿ ತಂದ ದಿನಗಳು ನನಗೆ ಈಗಲೂ ನೆನಪು. ಓದು ಅಂದರೆ ಅದು. ಆ ಎರಡು ವರ್ಷ ನನ್ನ ಜೀವನದ ಒಳ್ಳೆಯ ಎರಡು ವರ್ಷ.

ಕೆಲಸದ ಮಾತಿಗೆ ಬರುತ್ತೇನೆ. ಎಂಎಸ್ಸಿ ಮುಗಿದ ತಕ್ಷಣ ಸಿಗುವುದು ಹೆಚ್ಚಾಗಿ ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ನೆಟ್, ಅಂದರೆ ಉಪನ್ಯಾಸಕರ ಅರ್ಹತಾ ಪರೀಕ್ಷೆ, ಪಾಸಾದರೆ ಪಿಎಚ್‌ಡಿ, ಕಾಲೇಜು ಪಾಠ. ಗೋವಾದ ದೋನಾ ಪಾವ್ಲಾದಲ್ಲಿ ಎನ್‌ಐಒ, ಅಂದರೆ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, ನಮಗೆ ಬೆಂಗಳೂರಿಗಿಂತ ಹತ್ತಿರ. ಬಂದರು, ರಸ್ತೆ ಅಂತ ಯಾವುದೇ ಯೋಜನೆ ಬಂದರೂ ಪರಿಸರ ವರದಿ ಬರೆಯುವ ಕಂಪನಿಗಳಿಗೆ ನಮ್ಮಂಥವರು ಬೇಕು. ನಾನು ಈಗ ಅಂಥದ್ದೇ ಒಂದು ಕಡೆ ಇದ್ದೇನೆ.

ಬೆಲೆ ಅಂದೆನಲ್ಲ, ಅದು ಹೀಗೆ. ನಡುವೆ ಕೆಲಸ ಇಲ್ಲದ ಹೊತ್ತಲ್ಲಿ ಬ್ಯಾಂಕಿನ ಕೃಷಿ ಫೀಲ್ಡ್ ಆಫೀಸರ್ ಪರೀಕ್ಷೆ ಕಟ್ಟೋಣ ಅಂತ ಹೋದೆ. ಅರ್ಹತೆಯಲ್ಲಿ ಕೃಷಿ, ತೋಟಗಾರಿಕೆ, ಪಶುವೈದ್ಯ, ಅರಣ್ಯ, ಮೀನುಗಾರಿಕೆ, ಎಲ್ಲ 4 ವರ್ಷದ ಪದವಿಗಳೇ ಇವೆ. ನನ್ನ ಬಿಎಸ್ಸಿ ಮೇಲೆ ಎಂಎಸ್ಸಿ ಇದ್ದರೂ ಆ ಬಾಗಿಲು ತೆರೆಯಲಿಲ್ಲ. ಮೀನುಗಾರಿಕೆಯ ಸ್ನಾತಕೋತ್ತರ ಪದವಿ ಎಂಎಫ್‌ಎಸ್ಸಿ ಮಾಡೋಣ ಅಂದರೆ ಅದಕ್ಕೂ ಬಿಎಫ್‌ಎಸ್ಸಿಯೇ ಬೇಕು.

ಪರ್ಸೀನ್ ಪಾಂಡು

ಬೋಟಿನಲ್ಲಿ ಡೀಸೆಲ್ ಹಾಕಲು ದುಡ್ಡಿಲ್ಲ, ಬಂಗಡೆ ಸಿಗುವುದಿಲ್ಲ, ಇದರಲ್ಲಿ ಓದಿ ಏನು ಮಾಡುತ್ತೀರಿ? ನನ್ನ ಮಗಳನ್ನು ನರ್ಸಿಂಗ್‌ಗೆ ಹಾಕಿದ್ದೇನೆ, ಮೂರು ವರ್ಷದಲ್ಲಿ ಸಂಬಳ ತರುತ್ತಾಳೆ ನೋಡಿ.

ಮಂಗಳೂರು ರಿಟರ್ನ್

ಪಾಂಡು ಅಣ್ಣ, ಬಿಎಸ್ಸಿ ನರ್ಸಿಂಗ್ 4 ವರ್ಷ, ಮೂರಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ನರ್ಸಿಂಗ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ರಕ್ತ ನೋಡಿದರೆ ತಲೆ ತಿರುಗುವ ಹುಡುಗಿಯನ್ನು ಅಲ್ಲಿಗೆ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ.

ಬೇಲೆಕೇರಿ ಹುಡುಗಿಗೆ. ನಾನು ಬಿಎಫ್‌ಎಸ್ಸಿ ಮಾಡಿದವಳು, ಹೊನ್ನಾವರದವಳು. ಮಂಗಳೂರು ಕಾಲೇಜು 1969ರಲ್ಲಿ ಶುರುವಾದದ್ದು, ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದೇ, ಈಗ ಬೀದರದ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅಲ್ಲಿ ಓದುವುದು ಮೀನನ್ನು ಸಾಕುವುದು, ಹಿಡಿಯುವುದು, ಕೆಡದ ಹಾಗೆ ಇಡುವುದು, ಮಾರುವುದು. ಮರಿ ಉತ್ಪಾದನೆ, ಮೀನಿನ ರೋಗ, ಮೇವು, ಬಲೆ ಹೆಣೆಯುವುದು, ಬೋಟಿನ ಇಂಜಿನ್, ಫ್ರೀಜಿಂಗ್, ಪ್ಯಾಕಿಂಗ್, ಅರ್ಥಶಾಸ್ತ್ರ, ಎಲ್ಲವೂ ಇದೆ. ಬಲೆ ಹೆಣೆಯುವ ಪ್ರಾಕ್ಟಿಕಲ್‌ನಲ್ಲಿ ಬಯಲುಸೀಮೆ ಹುಡುಗರು ಗಂಟು ಹಾಕಲು ಒದ್ದಾಡುತ್ತಿದ್ದರು, ನಾನು ಮಾತಾಡುತ್ತಾ ಮಾತಾಡುತ್ತಾ ಎರಡು ಮೊಳ ಮುಗಿಸಿದ್ದೆ. ಮನೆಯಲ್ಲಿ ಕಲಿತದ್ದಕ್ಕೆ ಮಾರ್ಕ್ಸ್ ಸಿಕ್ಕಿದ್ದು ಅದೇ ಮೊದಲು! ಕೊನೆಯ ವರ್ಷ ಹಳ್ಳಿಯಲ್ಲಿ ಮತ್ತು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿಸುತ್ತಾರೆ.

ಆದರೆ ನಿಜ ಹೇಳಿಬಿಡುತ್ತೇನೆ. ಬಂಡೆ ಸಂದಿಯ ಜೀವಿ, ಪಟ್ಟಿ, ಹೆಸರು ಹುಡುಕುವುದು, ಇದಕ್ಕೆ ಅಲ್ಲಿ ಸಿಗುವ ಜಾಗ ಕಡಿಮೆ. ನೀನು ಹೇಳುವ ಸಮುದ್ರಕ್ಕಿಂತ ಸಿಹಿನೀರಿನ ಕೊಳ, ಕಾಟ್ಲಾ, ರೋಹು ಜಾಸ್ತಿ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಆಂಧ್ರದ ಒಂದು ಸಿಗಡಿ ಫಾರ್ಮಿನಲ್ಲಿ. ರಾತ್ರಿ ಎರಡಕ್ಕೆ ಎದ್ದು ನೀರಿನ ಆಮ್ಲಜನಕ ನೋಡಬೇಕು, ನೀರಿಗೆ ಗಾಳಿ ಸೇರಿಸುವ ಏರೇಟರ್ ಕೈಕೊಟ್ಟರೆ ಬೆಳಗಾಗುವಷ್ಟರಲ್ಲಿ ಕೊಳದ ಸಿಗಡಿಯೆಲ್ಲ ಸತ್ತು ಬಿದ್ದಿರುತ್ತದೆ. ಒಂದು ಸಲ ಹಾಗೇ ಆಯಿತು, ಮಾಲೀಕರು ಮೂರು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದೆ, ಈಗ ಮೇಲಿನವರು ಹೇಳಿದ ಆ ಫೀಲ್ಡ್ ಆಫೀಸರ್ ನಾನೇ. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಹುದ್ದೆ ನಮ್ಮ ಪದವಿಯವರಿಗೆ, ಆದರೆ ಅದಕ್ಕೆ ಅರ್ಜಿ ಕರೆಯುವುದು ಯಾವಾಗಲೋ ಒಮ್ಮೆ. ಅದನ್ನೇ ನಂಬಿ ಕೂತವರು ನನ್ನ ಬ್ಯಾಚಿನಲ್ಲೇ ಇದ್ದಾರೆ.

ಪಟ್ಟಿ ಬರೆಯುವ ಹುಚ್ಚು ನಿನಗೆ ಹೆಚ್ಚೋ, ಅಪ್ಪ ತಂದ ಮೀನಿಗೆ ದಲ್ಲಾಳಿ ಯಾಕೆ ಅಷ್ಟು ಕಡಿಮೆ ದರ ಹಾಕುತ್ತಾನೆ ಅನ್ನುವ ಸಿಟ್ಟು ಹೆಚ್ಚೋ? ನನಗೆ ಎರಡನೆಯದೇ ಇತ್ತು.

ಅಡಿಕೆ ತೋಟದಿಂದ

ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದೆ, ವಿಷಯ ಬೇರೆಯಾದರೂ ಕಥೆ ಒಂದೇ, ಅದಕ್ಕೆ ಬರೆಯುತ್ತಿದ್ದೇನೆ. ಕಾಡು ಇಷ್ಟ ಅಂತ ಸೇರಿದೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನರಿಗೆ ಬೇಕಾಗಿದ್ದದ್ದು ಕಾಡಲ್ಲ, ವಲಯ ಅರಣ್ಯಾಧಿಕಾರಿಯ (ಆರ್‌ಎಫ್‌ಒ) ಯೂನಿಫಾರ್ಮು. ಆ ನೇಮಕಾತಿಯಲ್ಲಿ ನಮ್ಮ ಪದವಿಗೆ ಪಾಲು ಇದೆ ನಿಜ, ಆ ಪಾಲಿಗಾಗಿ ವಿದ್ಯಾರ್ಥಿಗಳು ಬೀದಿಗಿಳಿದದ್ದೂ ನಿಜ. ತಮಾಷೆ ಏನೆಂದರೆ ಅದಕ್ಕಿಂತ ದೊಡ್ಡ ಭಾರತೀಯ ಅರಣ್ಯ ಸೇವೆಗೆ (ಐಎಫ್‌ಎಸ್) ಅರಣ್ಯ ಪದವಿಯೇ ಆಗಬೇಕು ಅಂತಿಲ್ಲ. ಬಾಟನಿ, ಝೂಆಲಜಿ, ಕೆಮಿಸ್ಟ್ರಿ ಇಂಥದ್ದರಲ್ಲಿ ಒಂದು ಓದಿದ್ದರೂ ಪರೀಕ್ಷೆ ಬರೆಯಬಹುದು. ಆದ್ದರಿಂದ ಕೋರ್ಸಿನ ಹೆಸರು ನೋಡಬೇಡ, ಸಿಲೆಬಸ್ ನೋಡು. ನಿನಗೆ ಬೇಕಾದ ಕೆಲಸದ ಹಳೇ ನೋಟಿಫಿಕೇಶನ್ ಒಂದನ್ನು ತೆಗೆದು ಅರ್ಹತೆಯ ಸಾಲು ಓದು. ಈ ಎರಡು ಕೆಲಸ ನಾನು ಮಾಡಿರಲಿಲ್ಲ.

ಇನ್ನೊಂದು, ಆಪ್ಷನ್ ಎಂಟ್ರಿಯ ಪಾಸ್‌ವರ್ಡ್‌ನಂಥ ಸೀಕ್ರೆಟ್ ಕೀ ಯಾರ ಕೈಗೂ ಕೊಡಬೇಡ. ನನ್ನ ತಮ್ಮನ ಆಪ್ಷನ್ ಎಂಟ್ರಿಯನ್ನು ಸೈಬರ್‌ನವನೇ ತುಂಬಿದ. ಮೇಲೆ ಇರಬೇಕಾದದ್ದು ಹನ್ನೊಂದನೇ ಸಾಲಿನಲ್ಲಿತ್ತು, ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆ ಬಂದಾಗ ಗೊತ್ತಾಯಿತು, ಪುಣ್ಯಕ್ಕೆ ಬದಲಾಯಿಸಲು ಸಮಯ ಇತ್ತು. ಸಿಇಟಿ ಸೀಟು ಹಂಚಿಕೆ ಎಳೆಯುತ್ತದೆ, ಅಷ್ಟರಲ್ಲಿ ಡಿಗ್ರಿ ಕಾಲೇಜಿನ ಪ್ರವೇಶ ಮುಗಿದಿರಬಹುದು. ಬಿಎಸ್ಸಿಗೂ ಈಗಲೇ ಅರ್ಜಿ ಹಾಕಿಡು.

ಬೇಲೆಕೇರಿ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್, ಮೂರು ಸಲ ಓದಿದೆ, ಅಪ್ಪನಿಗೂ ಓದಿ ಹೇಳಿದೆ. ಸಿಗಡಿ ಸತ್ತ ಕಥೆ ಕೇಳಿ ಅಪ್ಪ ನಕ್ಕರು, ದಲ್ಲಾಳಿ ಅಂದಾಗ ಮಾತ್ರ ಸುಮ್ಮನಾದರು.

ಮಂಗಳೂರು ರಿಟರ್ನ್ ಅಕ್ಕ, ನೀವು ಕೇಳಿದ್ದಕ್ಕೆ ಉತ್ತರ ನನಗೆ ತಕ್ಷಣ ಗೊತ್ತಾಯಿತು. ಪಟ್ಟಿ ಬರೆಯುವ ಹುಚ್ಚೇ. ಆದರೆ ಬ್ಯಾಂಕಿನ ಬಾಗಿಲು ಮುಚ್ಚುತ್ತದೆ ಅಂದರೆ ಹೆದರಿಕೆ, ಮನೆಯಲ್ಲಿ ತಮ್ಮನೂ ಓದಬೇಕು. ಬಿಎಸ್ಸಿ ಆದರೆ ಕಾರವಾರಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಟಿಕೆಟ್ ದುಡ್ಡಿಲ್ಲದೆ ಹೋಗಿ ಬರಬಹುದು, ಮಂಗಳೂರಾದರೆ ಹಾಸ್ಟೆಲ್ ಖರ್ಚು. ಮೊದಲು ಬಿಎಫ್‌ಎಸ್ಸಿ ಮಾಡಿ ಆಮೇಲೆ ಸಂಶೋಧನೆಗೆ ತಿರುಗಿದರೆ ನಡೆಯುತ್ತದಾ?

ಮಂಗಳೂರು ರಿಟರ್ನ್

ನಡೆಯುತ್ತದೆ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಸಿಐಎಫ್‌ಇಯಲ್ಲಿ ಎಂಎಫ್‌ಎಸ್ಸಿ, ಪಿಎಚ್‌ಡಿ ಎರಡೂ ಇದೆ, ನನ್ನ ರೂಮ್‌ಮೇಟ್ ಹೋದದ್ದು ಅಲ್ಲಿಗೇ. ಖರ್ಚಿನ ವಿಷಯಕ್ಕೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಮಂಗಳೂರಿನಲ್ಲಿದೆ, ಅರ್ಜಿ ಕರೆದ ಮೊದಲ ವಾರದಲ್ಲೇ ಹಾಕು. ಜಾತಿ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡು, ನಾಡಕಚೇರಿಯಲ್ಲಿ ಸರ್ವರ್ ಇಲ್ಲ ಅನ್ನುವ ದಿನಗಳು ಇವು.

ಕೋಡಿಬಾಗ ಹಳಬ

ಅಕ್ಕ ಹೇಳಿದ್ದು ಸರಿ, ಆದರೆ ನಾಲ್ಕು ವರ್ಷ ಕಾಟ್ಲಾ ಸಾಕುತ್ತಾ ಬಂಡೆಯ ಹುಚ್ಚನ್ನು ಉಳಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ, ನೋಡಿಕೋ. ಆಪ್ಷನ್ ಎಂಟ್ರಿಗೆ ಮುಂಚೆ ಒಂದು ದಿನ ಕೋಡಿಬಾಗಕ್ಕೆ ಬಾ, ಅಪ್ಪನನ್ನೂ ಕರೆದುಕೊಂಡು ಬಾ. ಮ್ಯೂಸಿಯಂ ನೋಡು, ಎಂಎಸ್ಸಿ ಓದುವವರು ಯಾರಾದರೂ ಸಿಕ್ಕರೆ ಅವರನ್ನೇ ಕೇಳು. ಡಬ್ಬ ತರುವುದು ಮರೆಯಬೇಡ.

ಬೇಲೆಕೇರಿ ಹುಡುಗಿ

ಸೋಮವಾರ ಬರುತ್ತೇವೆ. ಅಪ್ಪ ಈಗಲೇ ಕೇಳುತ್ತಿದ್ದಾರೆ, ಡಬ್ಬದಲ್ಲಿ ಯಾವುದನ್ನು ಹಾಕಲಿ ಅಂತ.