ಸಹಾಯ ಬೇಕು: ಎಂ.ಎ. ಕಿರುಪ್ರಬಂಧವನ್ನೇ ಪಿಎಚ್.ಡಿ.ಗೆ ಬೆಳೆಸಬಹುದಾ?

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಮುಗಿಸಿದ್ದೇನೆ. ಕೊನೆಯ ಸೆಮಿಸ್ಟರಿನಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಗಳಲ್ಲಿನ ರೂಪಕಗಳ ಬಗ್ಗೆ 70 ಪುಟದ ಕಿರುಪ್ರಬಂಧ ಬರೆದಿದ್ದೆ. ಅದನ್ನೇ ಹಿಗ್ಗಿಸಿ 300 ಪುಟ ಮಾಡಿದರೆ ಪಿಎಚ್.ಡಿ. ಆಯಿತು ಅಂದುಕೊಂಡಿದ್ದೆ. (ನಗಬೇಡಿ.)

ಪಿಎಚ್.ಡಿ.ಗಾಗಿ ಬರೆದ ಸಾರಾಂಶ (ಸಿನಾಪ್ಸಿಸ್) ನೋಡಿದ ಮೇಷ್ಟ್ರು ಒಬ್ಬರು, "ಇದು ವಿಷಯ ಆಯ್ತಮ್ಮ, ಸಮಸ್ಯೆ ಎಲ್ಲಿ?" ಅಂದರು. ಎಂ.ಎ.ಯಲ್ಲಿ ಬೇರೆಯವರು ಹೇಳಿದ್ದನ್ನು ಸರಿಯಾಗಿ ಓದಿ, ಜೋಡಿಸಿ, ವಿಧಾನ ಕಲಿತರೆ ಸಾಕಂತೆ. ಪಿಎಚ್.ಡಿ.ಯಲ್ಲಿ ಯಾರೂ ಹೇಳದ ಒಂದು ಮಾತನ್ನಾದರೂ ಆಧಾರಸಮೇತ ಹೇಳಿ, ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಿಕೊಳ್ಳಬೇಕಂತೆ. ಮೊದಲಾಗಿದ್ದರೆ ನಡುವೆ ಎಂ.ಫಿಲ್. ಎಂಬ ಕಿರು ಸಂಶೋಧನಾ ಪದವಿ ಇತ್ತು, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಅದೂ ಹೋಯಿತು. ಈಗ ನೇರ ಜಿಗಿತ, ಕನಿಷ್ಠ 3 ವರ್ಷ.

ನನಗೆ ಹೊಳೆದದ್ದು ಇಷ್ಟು: ಶರೀಫರ ಊರಿರುವ ಶಿಗ್ಗಾಂವಿ ಕಡೆಯ ಭಜನಾ ಮೇಳದವರು ಅವರ ಪದಗಳನ್ನು ಹಾಡುವ ಪಾಠಕ್ಕೂ (ಅಂದರೆ ಸಾಲುಗಳ ರೂಪಕ್ಕೂ) ಅಚ್ಚಾದ ಪಾಠಕ್ಕೂ ವ್ಯತ್ಯಾಸ ಯಾಕೆ, ಯಾರು ಏನನ್ನು ಬಿಟ್ಟರು? ಇದು ಸಂಶೋಧನಾ ಪ್ರಶ್ನೆ ಆಗುತ್ತದಾ, ಅಥವಾ ಮತ್ತೆ ಬರೀ ಸಂಗ್ರಹವಾ? ಕ್ಷೇತ್ರಕಾರ್ಯ ಮಾಡಿದವರು, ಎಷ್ಟು ಹಾಡುಗಾರರನ್ನು ಭೇಟಿಯಾದಿರಿ, ಪಾಠಾಂತರ (ಒಂದೇ ಪದದ ಬೇರೆ ಬೇರೆ ರೂಪ) ಹೇಗೆ ದಾಖಲಿಸಿದಿರಿ, ದಯವಿಟ್ಟು ತಿಳಿಸಿ. ಬರುವ ವಾರ ಸಾರಾಂಶ ತಿದ್ದಿ ಕೊಡಬೇಕು.